ಮನೆಯೊಳಗಿನ ಅಂಗಡಿಗೆ ಯಾವ ಕಾಗದ ಬೇಕು, ಯಾವುದು ಬೇಡ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮನೆಯಲ್ಲೇ ಕೂತು ದುಡಿಯುತ್ತಿರುವ ಅಕ್ಕತಂಗಿಯರಿಗೆ,



ನಿಮ್ಮಲ್ಲಿ ಯಾರನ್ನು ಕೇಳಿದರೂ "ವ್ಯಾಪಾರ ಮಾಡ್ತಿದ್ದೀನಿ" ಅನ್ನುವುದಿಲ್ಲ. "ಏನೋ ಮನೇಲೇ ಒಸಿ ಚಟ್ನಿಪುಡಿ ಮಾಡ್ಕೊಡ್ತೀನಿ", "ಅಕ್ಕಪಕ್ಕದೋರ ಬ್ಲೌಸ್ ಹೊಲೀತೀನಿ ಅಷ್ಟೇಯ". ಆ "ಅಷ್ಟೇಯ"ದ ಹಿಂದೆ ಸೀರೆಗೆ ಕುಚ್ಚು ಕಟ್ಟುವವರಿದ್ದಾರೆ, ಹುರಿಹಿಟ್ಟು, ಹಪ್ಪಳ, ಉಪ್ಪಿನಕಾಯಿ, ಕಜ್ಜಾಯ ಮಾಡಿ ಮೈಸೂರಿನ ಬಸ್ಸಿಗೆ ಹಾಕುವವರಿದ್ದಾರೆ, ಮುಂದಿನ ಕೋಣೆಯಲ್ಲಿ ಪಾರ್ಲರ್ ಇಟ್ಟವರಿದ್ದಾರೆ, ಬ್ಯಾಂಕಿನ ನೌಕರರಿಗೆ ಮಧ್ಯಾಹ್ನದ ಊಟ ಕಟ್ಟಿಕೊಡುವವರಿದ್ದಾರೆ. ಮನೆಯ ಖರ್ಚಿನ ಅರ್ಧ ಇವರಿಂದಲೇ ನಡೆಯುತ್ತದೆ. ಆದರೂ ಇದಕ್ಕೊಂದು ಕಾಗದ ಬೇಕಾ, ಬೇಡವಾ ಎಂಬ ಪ್ರಶ್ನೆ ಬಂದ ಕೂಡಲೇ ಇಬ್ಬರಲ್ಲಿ ಒಬ್ಬರು ಹೆದರುತ್ತಾರೆ, ಇನ್ನೊಬ್ಬರು ನಗುತ್ತಾರೆ. ಲೆಕ್ಕ ಬರೆದೇ ಬದುಕಿದವಳು ನಾನು. ಹೆದರಬೇಕಾದ ಕಡೆ ನೀವು ನಗುತ್ತಿದ್ದೀರಿ, ನಗಬಹುದಾದ ಕಡೆ ಹೆದರುತ್ತಿದ್ದೀರಿ. ಅದಕ್ಕೇ ಈ ಪತ್ರ.

ಹೆದರಿಕೆ ಹೆಚ್ಚಿದ್ದು 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತೆಗೆದು, ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿಯವರಿಗೆಲ್ಲ ನೋಟಿಸು ಕಳಿಸಿತು. ಲಕ್ಷಗಟ್ಟಲೆ ತೆರಿಗೆ ಬಾಕಿ ಎಂದು ಬರೆದಿದ್ದ ಆ ಹಾಳೆಗಳು ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿದವು. ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಬಂದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ನೋಂದಣಿ ಆಗಬೇಕಾದವರು ಆಗಲಿ ಎಂದ ಮೇಲೆ ಗಲಾಟೆ ತಣ್ಣಗಾಯಿತು. ನಮ್ಮ ಕಡೆ ಹಪ್ಪಳ ಮಾಡುವ ಹೆಣ್ಣುಮಕ್ಕಳೂ ಅಂದು ಸ್ಕ್ಯಾನರ್ ಕಿತ್ತು ಬೀರುವಿನೊಳಗೆ ಇಟ್ಟರು. ಅದು ಬೇಕಿರಲಿಲ್ಲ.

ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಸೇವೆ ಕೊಡುವವರಿಗೆ, ಅಂದರೆ ಹೊಲಿಗೆ, ಪಾರ್ಲರ್, ಟ್ಯೂಷನ್, ಊಟದ ಮೆಸ್‌ನವರಿಗೆ, 20 ಲಕ್ಷ. ತಿಂಗಳಿಗೆ ಲೆಕ್ಕ ಹಾಕಿದರೆ ಸರಕಿಗೆ ಮೂರು ಲಕ್ಷದ ಮೇಲೆ, ಸೇವೆಗೆ ಒಂದೂವರೆ ಲಕ್ಷದ ಮೇಲೆ. ಒಂದೇ ಮಿಷನ್‌ನಲ್ಲಿ ಬ್ಲೌಸ್ ಹೊಲಿಯುವವರು ಆ ಮಿತಿ ಮುಟ್ಟಬೇಕಾದರೆ ರಾತ್ರಿ ನಿದ್ದೆ ಬಿಡಬೇಕು. ಹಾಲು, ತಾಜಾ ತರಕಾರಿ, ಬಿಡಿ ಹೂವು, ಹಪ್ಪಳ ಇವಕ್ಕೆ ತೆರಿಗೆಯೇ ಇಲ್ಲ. ಇವನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟಾದರೂ ನೋಂದಣಿ ಬೇಡ. ಆದರೆ ಹಪ್ಪಳದ ಜೊತೆ ಚಕ್ಕುಲಿ, ನಿಪ್ಪಟ್ಟು ಮಾರಿದಿರೋ, ಆಗ ಮಿತಿ ನೋಡುವಾಗ ಎರಡನ್ನೂ ಕೂಡಿಸುತ್ತಾರೆ. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ನಿಜವಾದ ಅಪಾಯ ಸ್ಕ್ಯಾನರ್‌ನಲ್ಲಿ ಇಲ್ಲ, ಅದರ ಹಿಂದಿನ ಬ್ಯಾಂಕ್ ಖಾತೆಯಲ್ಲಿದೆ. ನಿಮ್ಮ ಒಂದೇ ಖಾತೆಗೆ ಉಪ್ಪಿನಕಾಯಿಯ ದುಡ್ಡು ಬರುತ್ತದೆ, ಬೆಂಗಳೂರಿನಿಂದ ಮಗ ಕಳಿಸಿದ್ದು ಬರುತ್ತದೆ, ಸ್ವಸಹಾಯ ಸಂಘದ ಸಾಲ ಬರುತ್ತದೆ, ಚೀಟಿ ಎತ್ತಿದ ಹಣ ಬರುತ್ತದೆ, ನಾದಿನಿ ವಾಪಸು ಕೊಟ್ಟ ಕೈಸಾಲವೂ ಬರುತ್ತದೆ. ಹೊರಗಿನಿಂದ ನೋಡುವ ಇಲಾಖೆಯ ಕಂಪ್ಯೂಟರಿಗೆ ಎಲ್ಲವೂ ಒಂದೇ ಬಣ್ಣದ ಸಂಖ್ಯೆ. ಯಾವುದು ವ್ಯಾಪಾರ, ಯಾವುದು ಸಂಸಾರ ಎಂದು ನಾಲ್ಕು ವರ್ಷ ಬಿಟ್ಟು ಕೇಳಿದರೆ ನಿಮಗೂ ಹೇಳಲು ಬರುವುದಿಲ್ಲ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಸ್ಕ್ಯಾನರ್ ಅದಕ್ಕೆ ಮಾತ್ರ ಜೋಡಿಸಿ. ಜೊತೆಗೊಂದು ಉದ್ದನೆಯ ನೋಟ್‌ಬುಕ್: ದಿನಾಂಕ, ಏನು ಮಾರಿದೆ, ಎಷ್ಟು ಬಂತು, ಎಣ್ಣೆಗೆ ಬೇಳೆಗೆ ಎಷ್ಟು ಹೋಯಿತು. ಸಂಘದ ಪುಸ್ತಕವನ್ನು ತಪ್ಪಿಲ್ಲದೆ ಬರೆಯುವ ಕೈ ನಿಮ್ಮದು. ಸ್ವಂತದ ಲೆಕ್ಕಕ್ಕೆ ಬಂದಾಗ ಮಾತ್ರ "ಎಲ್ಲಾ ತಲೇಲೈತೆ ಬುಡಿ" ಅನ್ನುತ್ತೀರಿ.

ಎಚ್.ಡಿ. ಕೋಟೆಯವರಿಗೆ ಒಂದು ಕಿವಿಮಾತು. ಬಾವಲಿ ದಾಟಿದರೆ ಮಾನಂದವಾಡಿ. ಅಲ್ಲಿನ ಅಂಗಡಿಗೆ ನೀವು ತೆರಿಗೆ ಇರುವ ಸರಕು ಕಳಿಸಿದರೆ ಅದು ಹೊರರಾಜ್ಯದ ವ್ಯಾಪಾರ. ಅದಕ್ಕೆ 40 ಲಕ್ಷದ ಮಿತಿ ಇಲ್ಲ, ಮೊದಲ ರೂಪಾಯಿಗೇ ನೋಂದಣಿ ಬೇಕು. ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು, ಉಪ್ಪಿನಕಾಯಿಗೆ ಇಲ್ಲ. ಮೈಸೂರು, ಬೆಂಗಳೂರಿಗೆ ಎಷ್ಟು ಕಳಿಸಿದರೂ ಈ ತೊಡಕಿಲ್ಲ. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರಿಗೂ 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಸರಕಿನ ಮಾರಾಟಕ್ಕೆ, ಮಿತಿಯೊಳಗಿದ್ದರೆ, ಪೂರ್ತಿ ಜಿಎಸ್‌ಟಿ ಬೇಡ, ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಸಾಕು.

ಈಗ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: "ರಿಜಿಸ್ಟರ್ ಮಾಡ್ಸುದ್ರೆ ಎರಡು ಸಾವಿರ ನಿಂತೋಯ್ತದಾ?" ಆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಚಾಲೂ ಆಯಿತು. ನಿಮ್ಮಲ್ಲಿ ಎಷ್ಟೋ ಜನ ಅಂದು ಬಸ್ಸು ಹತ್ತಿ ಮಹಾರಾಜ ಕಾಲೇಜು ಮೈದಾನಕ್ಕೆ ಹೋಗಿದ್ದಿರಿ. ಯೋಜನೆಯ ನಿಯಮದ ಪ್ರಕಾರ ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಹಣವಿಲ್ಲ. ಆಹಾರ ನೋಂದಣಿ, ಉದ್ಯಮ್ ನೋಂದಣಿ ಈ ಪಟ್ಟಿಯಲ್ಲಿ ಇಲ್ಲ. ಅವನ್ನು ಧೈರ್ಯವಾಗಿ ಮಾಡಿಸಿ. ಜಿಎಸ್‌ಟಿ ಮಾತ್ರ, ಮಿತಿ ದಾಟದಿದ್ದರೆ, ಚಂದಕ್ಕೆ ತೆಗೆದುಕೊಳ್ಳುವ ವಸ್ತುವಲ್ಲ. "ಸಾಲ ಬೇಗ ಸಿಕ್ತದೆ, ಒಂದು ಜಿಎಸ್‌ಟಿ ಮಾಡಿಸ್ಕೊಳಿ ಅಕ್ಕ" ಎನ್ನುವ ಏಜೆಂಟರಿದ್ದಾರೆ. ಮಾಡಿಸಿಕೊಂಡ ಮೇಲೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ರಿಟರ್ನ್ಸ್ ಹಾಕಬೇಕು, ತಪ್ಪಿದರೆ ದಂಡ. ಸೊನ್ನೆ ಎಂದು ಹಾಕಿದ ರಿಟರ್ನ್ಸ್ ಕೂಡ ರಿಟರ್ನ್ಸೇ, ಎರಡು ಸಾವಿರಕ್ಕೆ ಅದೇ ಅಡ್ಡ ಬರುತ್ತದೆ. ನನ್ನ ಪ್ರಕಾರ ಇದು ಒಳ್ಳೆಯ ನಿಯಮವಲ್ಲ. ಗಳಿಕೆ ಎಷ್ಟು ಎಂದು ನೋಡದೆ ಕಾಗದ ಇದೆಯೇ ಎಂದು ನೋಡುವ ನಿಯಮವು ಹೆಣ್ಣುಮಕ್ಕಳನ್ನು ಕಾಗದವಿಲ್ಲದೆ ಇರುವಂತೆಯೇ ಕಲಿಸುತ್ತದೆ. ಬದಲಾಗುವವರೆಗೆ ಲೆಕ್ಕ ನೋಡಿ ನಡೆಯಿರಿ. ನಿಜಕ್ಕೂ ಮಿತಿ ದಾಟುವಷ್ಟು ಬೆಳೆದರೆ ಎರಡು ಸಾವಿರದ ಆಸೆಗೆ ಮುಚ್ಚಿಡಬೇಡಿ. ಮುಚ್ಚಿಟ್ಟದ್ದಕ್ಕೆ ತೆರಿಗೆಯ ಜೊತೆ ಬಡ್ಡಿ, ದಂಡ ಎಲ್ಲ ಸೇರುತ್ತದೆ.

ಇನ್ನು ಅಡುಗೆಮನೆ. ತಿನ್ನುವ ಪದಾರ್ಥ ಮಾಡಿ ಮಾರುವವರಿಗೆ, ಅದು ಹತ್ತು ಮನೆಗೆ ಕೊಡುವ ಸಾಂಬಾರ್ ಪುಡಿಯಾದರೂ, 2006ರ ಆಹಾರ ಸುರಕ್ಷತೆ ಕಾಯ್ದೆ ಅನ್ವಯಿಸುತ್ತದೆ. "ಮನೆಯಲ್ಲಿ ಮಾಡಿದ್ದು" ಎಂದು ಚೀಟಿ ಅಂಟಿಸಿದರೆ ವಿನಾಯಿತಿ ಸಿಗುವುದಿಲ್ಲ. ಆದರೆ ಸಣ್ಣವರಿಗೆ ಬೇಕಾದದ್ದು ದೊಡ್ಡ ಲೈಸೆನ್ಸ್ ಅಲ್ಲ, ಬರೀ ನೋಂದಣಿ. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ವಹಿವಾಟಿನವರೆಗಿನವರನ್ನು ಈ ಸಣ್ಣವರ ಗುಂಪಿಗೆ ಸೇರಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿತು. ಫೋಟೊ, ಗುರುತಿನ ಚೀಟಿ, ಫೋನ್ ನಂಬರ್ ಇದ್ದರೆ ಫಾಸ್ಕಾಸ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ನೂರು ರೂಪಾಯಿಯ ಈ ಕೆಲಸಕ್ಕೆ ಸಾವಿರಗಟ್ಟಲೆ ಕೇಳುವವರು ಪ್ರತಿ ಊರಲ್ಲೂ ಇದ್ದಾರೆ. ಸೈಬರ್ ಸೆಂಟರಿನವರಿಗೆ ಅರ್ಜಿ ತುಂಬಿದ ಕೂಲಿ ಕೊಡಿ, ಅದರ ಮೇಲೆ "ಆಫೀಸಿಗೆ" ಎಂದು ಕೇಳಿದರೆ ಕೊಡಬೇಡಿ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಅರ್ಜಿ ಹಾಕಿ 7 ದಿನದೊಳಗೆ ನೋಂದಣಿಯನ್ನೂ ಕೊಡದೆ, ತಪಾಸಣೆಗೂ ಆದೇಶಿಸದೆ ಸುಮ್ಮನಿದ್ದರೆ ನೀವು ಕೆಲಸ ಶುರು ಮಾಡಬಹುದು. ಇದನ್ನು ನಿಮಗೆ ಯಾರೂ ಹೇಳಿರುವುದಿಲ್ಲ.

ಸಿಗುವುದು 14 ಅಂಕಿಯ ಒಂದು ಸಂಖ್ಯೆ. ಪೊಟ್ಟಣದ ಮೇಲೆ ಅದು ಬರಬೇಕು. ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದೆ, ನಿವ್ವಳ ತೂಕ, ಮಾಡಿದ ದಿನ, ಎಷ್ಟು ದಿನ ಬಳಸಬಹುದು, ಗರಿಷ್ಠ ಬೆಲೆ, ನಿಮ್ಮ ಹೆಸರು ವಿಳಾಸ, ದೂರು ಹೇಳಲು ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು. ಕಡಲೆಕಾಯಿ ಬೀಜ ಹಾಕಿದ್ದರೆ ತಪ್ಪದೆ ಬರೆಯಿರಿ. ಅದು ಒಗ್ಗದವರು ನಿಮ್ಮ ಚಟ್ನಿಪುಡಿ ತಿಂದು ಆಸ್ಪತ್ರೆ ಸೇರಬಾರದು. "ಎಷ್ಟು ದಿನ ಕೆಡುವುದಿಲ್ಲ" ಎಂಬುದನ್ನು ಊಹೆಯಲ್ಲಿ ಬರೆಯುವುದು ನಮ್ಮವರ ದೊಡ್ಡ ಚಾಳಿ. ಮೂರು ತಿಂಗಳು ಎಂದು ಬರೆದ ಪೊಟ್ಟಣ ಮಳೆಗಾಲದಲ್ಲಿ ಮೂರನೇ ವಾರಕ್ಕೇ ಮುಗ್ಗಲು ವಾಸನೆ ಹೊಡೆದರೆ ಹೋಗುವುದು ಒಂದು ಗಿರಾಕಿಯಲ್ಲ, ಒಂದು ಬೀದಿ. ಮೈಸೂರಿನಲ್ಲಿ 1950ರಿಂದ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ದೇಶದ ಬೇರೆ ಬೇರೆ ಮೂಲೆಗಳಿಂದ ಅಲ್ಲಿಗೆ ತರಬೇತಿಗೆ ಬರುತ್ತಾರೆ, ನಾವು ಅದರ ಕಾಂಪೌಂಡ್ ಪಕ್ಕವೇ ಬಸ್ಸಿನಲ್ಲಿ ಹೋಗುತ್ತೇವೆ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವೂ ದೂರವಲ್ಲ. ಸಂಘದ ವತಿಯಿಂದ ನಾಲ್ಕು ಜನ ಹೋಗಿ ಕಲಿತು ಬನ್ನಿ.

ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಸೀಲ್ ಹಾಕಿಸಬೇಕು. ಮರೆಯಬೇಡಿ.

ನಿಮ್ಮ ಮನೆಯ ಗಂಡಸರಿಗೆ ಲೈಸೆನ್ಸಿನ ವಿಷಯ ಹೊಸದಲ್ಲ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜಿಗೆ ಹೊಗೆಸೊಪ್ಪು ಹಾಕುವ ಯಾರನ್ನು ಬೇಕಾದರೂ ಕೇಳಿ. ಬ್ಯಾರನ್ ಲೈಸೆನ್ಸ್ ಯಾವ ಹೆಸರಲ್ಲಿದೆ, ಕೋಟಾ ಎಷ್ಟು, ಹೆಚ್ಚು ಬೆಳೆದರೆ ದಂಡ ಎಷ್ಟು ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಅದೇ ಮನೆಯ ಹಿತ್ತಲಲ್ಲಿ ಹೆಂಡತಿ ಕುಟ್ಟುವ ಸಾಂಬಾರ್ ಪುಡಿಗೆ ಮಾತ್ರ ಕಾಗದ "ಯಾಕ್ ಬೇಕು ಬುಡು". ಹೆಂಗಸರ ದುಡಿಮೆಯನ್ನು ದುಡಿಮೆ ಎಂದು ಎಣಿಸದ ಮನೆಯಲ್ಲಿ ಅದಕ್ಕೆ ಕಾಗದವೂ ಇರುವುದಿಲ್ಲ. ಇದನ್ನು ಸರ್ಕಾರ ತಿದ್ದಲಾರದು.

ನೀವು ನಗುತ್ತಾ ದಾಟಿಸುವ ಎರಡು ವಿಷಯಗಳಿಗೆ ಬರುತ್ತೇನೆ. ಒಂದು ಕರೆಂಟು, ಇನ್ನೊಂದು ಗ್ಯಾಸು.

ಗೃಹಜ್ಯೋತಿಯ ಉಚಿತ ವಿದ್ಯುತ್ತು ಗೃಹಬಳಕೆಯ ಮೀಟರಿಗೆ. ಮನೆಯಲ್ಲಿ ವ್ಯಾಪಾರ ಮಾಡಿದರೆ ಅದು ಹೋಗುತ್ತದೆಯೇ? ಇದಕ್ಕೆ ಹೌದು, ಇಲ್ಲ ಎಂದು ಒಂದೇ ಉತ್ತರವಿಲ್ಲ. ವಿದ್ಯುತ್ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಗೃಹಬಳಕೆ ವರ್ಗದ ಕೆಳಗೇ ಒಂದು ಪಟ್ಟಿ ಬರುತ್ತಿದೆ. ಮನೆಯ ಒಂದು ಭಾಗದಲ್ಲಿ ಹೊಲಿಗೆ, ಬ್ಯೂಟಿ ಪಾರ್ಲರ್, ಕೈಮಗ್ಗ, ರೇಷ್ಮೆಹುಳು ಸಾಕಣೆ, ಚಾಕಿ ಸಾಕಣೆ, ಅಕ್ಕಸಾಲಿ ಕೆಲಸ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಮಡಿವಾಳ ವೃತ್ತಿ, ಪೇಯಿಂಗ್ ಗೆಸ್ಟ್, ಹೋಮ್‌ಸ್ಟೇ ನಡೆಸಿದರೂ ಅದು ಗೃಹಬಳಕೆಯೇ. ಹಾಗಾಗಿ ಹೊಲಿಗೆಯ ಅಕ್ಕಂದಿರು, ಪಾರ್ಲರಿನವರು ಮೀಟರ್ ರೀಡರ್ ಬಂದಾಗ ಮಿಷನ್ ಮೇಲೆ ಬೆಡ್‌ಶೀಟ್ ಮುಚ್ಚಬೇಕಾಗಿಲ್ಲ. ಈ ವರ್ಷದ ಆದೇಶದಲ್ಲಿ ಪಟ್ಟಿ ಹೇಗಿದೆ ಎಂದು ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಆ ಪುಟದ ಜೆರಾಕ್ಸ್ ಮನೆಯಲ್ಲಿಟ್ಟುಕೊಳ್ಳಿ. ಆದರೆ ಖಾರದ ಪುಡಿ ಮಾಡುವ ಯಂತ್ರ, ಹಿಟ್ಟಿನ ಗಿರಣಿ ಈ ಪಟ್ಟಿಯಲ್ಲಿ ಇಲ್ಲ. ಹಿಟ್ಟಿನ ಗಿರಣಿಗೆ ಕೈಗಾರಿಕಾ ಸಂಪರ್ಕ, ಅಂಗಡಿಗೆ ವಾಣಿಜ್ಯ ಸಂಪರ್ಕ ಬೇಕು. ಮನೆಯ ಮೀಟರಿನಲ್ಲೇ ಓಡಿಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಬರುತ್ತದೆ. ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು, ಯಾವಾಗಿನಿಂದ ಎಂದು ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೆ. ಗಿರಣಿಯ ಒಂದು ವರ್ಷದ ಲಾಭ ಒಂದು ಬಿಲ್ಲಿಗೆ ಹೋಗುತ್ತದೆ.

ಗ್ಯಾಸಿನದು ಇದಕ್ಕಿಂತ ಕೆಟ್ಟದ್ದು. ಮನೆಗೆಂದು ಬರುವ 14.2 ಕೆ.ಜಿ. ಸಿಲಿಂಡರಿನಲ್ಲಿ ಮಾರಾಟಕ್ಕೆ ಅಡುಗೆ ಮಾಡುವುದು ಅಪರಾಧ, ಅಗತ್ಯ ವಸ್ತುಗಳ ಕಾಯ್ದೆಯಡಿ ಬರುವ ಅಪರಾಧ. ವ್ಯಾಪಾರಕ್ಕೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಬೇಕು. ಅದು ದುಬಾರಿ, ನನಗೂ ಗೊತ್ತು. ಅದಕ್ಕೇ ಎಲ್ಲರೂ ಅತ್ತೆಯ ಹೆಸರಿನ ಸಿಲಿಂಡರು, ಮೈದುನನ ಹೆಸರಿನ ಸಿಲಿಂಡರು ಎಂದು ಸೇರಿಸಿ ನಡೆಸುತ್ತಾರೆ. ಸಣ್ಣ ಅಡುಗೆಮನೆಯಲ್ಲಿ ಮೂರು ಸಿಲಿಂಡರ್, ದೊಡ್ಡ ಬಾಣಲೆಯಲ್ಲಿ ಕಾದ ಎಣ್ಣೆ, ಕಿಟಕಿ ಮುಚ್ಚಿದೆ, ಬಾಗಿಲಲ್ಲಿ ಆಡುವ ಮಗು. ಏನಾದರೂ ಆದರೆ ಕೇಸು ನಿಮ್ಮ ಮೇಲೆ, ವಿಮೆಯವರೂ ಕೈ ಎತ್ತುತ್ತಾರೆ. ವಾಣಿಜ್ಯ ಸಿಲಿಂಡರ್ ಹಾಕಿದ ಮೇಲೆ ಚಕ್ಕುಲಿಯ ಬೆಲೆ ಕೆ.ಜಿ.ಗೆ ಹತ್ತಿಪ್ಪತ್ತು ರೂಪಾಯಿ ಏರಿಸಬೇಕಾದರೆ ಏರಿಸಿ. ಆ ಬೆಲೆಗೆ ಗಿರಾಕಿ ಬರುವುದಿಲ್ಲ ಎಂದರೆ ಇಷ್ಟು ದಿನ ನೀವು ಲಾಭ ಮಾಡುತ್ತಿರಲಿಲ್ಲ, ಮನೆಯ ಗ್ಯಾಸನ್ನು ಮಾರುತ್ತಿದ್ದಿರಿ. ಹಿತ್ತಲಲ್ಲಿ ಸೌದೆ ಒಲೆ ಹಾಕುವುದಾದರೆ ಪಕ್ಕದ ಮನೆಗೆ ಹೊಗೆ ಹೋಗದ ಹಾಗೆ ಹಾಕಿ. ಮನೆ ವ್ಯಾಪಾರದ ಮೇಲೆ ಪಂಚಾಯಿತಿಗೆ ಹೋಗುವ ದೂರುಗಳಿಗೆ ಬಹಳ ಸಲ ಕಾರಣ ಕಾನೂನಲ್ಲ, ಹೊಗೆ, ಸದ್ದು ಮತ್ತು ದಾರಿಗೆ ಅಡ್ಡ ನಿಲ್ಲಿಸಿದ ಗಿರಾಕಿಗಳ ಬೈಕು.

ಪಂಚಾಯಿತಿ, ಪುರಸಭೆಯ ವಿಷಯ. ಹುಣಸೂರಿನಲ್ಲಿ ನಗರಸಭೆ, ಉಳಿದ ಮೂರು ಪಟ್ಟಣಗಳಲ್ಲಿ ಪುರಸಭೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ. ಉದ್ದಿಮೆ ಪರವಾನಗಿ ಕೊಡುವವರು ಇವರೇ. ನಾಲ್ಕು ಗೋಡೆಯೊಳಗೆ ಕುಚ್ಚು ಕಟ್ಟುವವರನ್ನು ಯಾರೂ ಕೇಳುವುದಿಲ್ಲ. ಆದರೆ ಬೀದಿಗೆ ಬೋರ್ಡು ಹಾಕಿದರೆ, ಮೋಟಾರು ಕೂರಿಸಿದರೆ, ಊಟ ಹಾಕಿದರೆ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಮನೆಯ ಖಾತೆ ಮಾವನ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಬಾಡಿಗೆ ಮನೆಯಾದರೆ ಮಾಲೀಕರದ್ದು, ಮೊದಲೇ ಬರೆಸಿಟ್ಟುಕೊಳ್ಳಿ. ವ್ಯಾಪಾರ ಚೆನ್ನಾಗಿ ನಡೆಯಲು ಶುರುವಾದ ಮೇಲೆ ಕೇಳಿದರೆ ಸಹಿಗೆ ಬೆಲೆ ಬಂದಿರುತ್ತದೆ. ಮನೆಯ ಒಂದು ಭಾಗ ಅಂಗಡಿಯಾದರೆ ಆ ಭಾಗದ ಕಂದಾಯವೂ ಏರಬಹುದು. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಕೇಳಿ ಪಡೆಯಿರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು 2011ರ ಸಕಾಲ ಕಾಯ್ದೆ ಹೇಳುತ್ತದೆ. ಇಪ್ಪತ್ತು ರೂಪಾಯಿ ಯಾರಿಗೂ ಬೇಕಿಲ್ಲ. ಆದರೆ ಸ್ವೀಕೃತಿ ಸಂಖ್ಯೆ ಇರುವ ಅರ್ಜಿ ಕಡತದ ಅಡಿಗೆ ಹೋಗುವುದು ಕಡಿಮೆ.

ಕಬಿನಿ ಸುತ್ತ ಹೋಮ್‌ಸ್ಟೇ ಮಾಡುವವರದು ಬೇರೆಯೇ ಪುಸ್ತಕ. ಎರಡು ಮಾತು ಮಾತ್ರ ಹೇಳುತ್ತೇನೆ. ವಿದೇಶಿಯರು ಒಂದು ರಾತ್ರಿ ತಂಗಿದರೂ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಬೈಲಕುಪ್ಪೆಯ ಟಿಬೆಟನ್ ಶಿಬಿರದೊಳಗೆ ತಂಗುವ ವಿದೇಶಿಯರಿಗೆ ಕೇಂದ್ರದ ಪ್ರತ್ಯೇಕ ಅನುಮತಿಯೂ ಬೇಕು. ಅದಿಲ್ಲದವರಿಗೆ ಕೋಣೆ ಕೊಟ್ಟು ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಡಿ.

ದುಡ್ಡಿನ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಅಲ್ಲೇ ಹೆಚ್ಚು ಜನ ಮುಗ್ಗರಿಸುವುದು. ನಮ್ಮ ಸೀಮೆಯ ಗಿರಾಕಿ "ಹೊಗೆಸೊಪ್ಪು ಮಾರಿದ ಮೇಲೆ ಕೊಡ್ತೀನಿ ಕಣಕ್ಕ" ಅನ್ನುತ್ತಾರೆ. ಕೆ.ಆರ್. ನಗರದ ಕಡೆ "ಭತ್ತ ಮಾರ್ಲಿ" ಅನ್ನುತ್ತಾರೆ. ಹಬ್ಬದ ಬ್ಲೌಸಿನ ದುಡ್ಡು ಸಂಕ್ರಾಂತಿಗೆ ಬರುತ್ತದೆ. ಅಷ್ಟರಲ್ಲಿ ನೂಲು, ಲೈನಿಂಗ್ ಬಟ್ಟೆಗೆ ನೀವು ಫೈನಾನ್ಸಿನವರ ಹತ್ತಿರ ವಾರದ ಕಂತಿಗೆ ಸಾಲ ತಂದಿರುತ್ತೀರಿ. ವಸೂಲಿಯ ಕಾಟ ಮಿತಿಮೀರಿದ್ದಕ್ಕೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು. ಮನೆ ಬಾಗಿಲಿಗೆ ಬಂದು ಬೆದರಿಸುವುದು, ಅವಮಾನ ಮಾಡುವುದು ಈಗ ಶಿಕ್ಷೆಯಾಗುವ ಅಪರಾಧ. ಕಾನೂನು ಬೆದರಿಕೆಯನ್ನು ತಡೆಯುತ್ತದೆ, ಸಾಲವನ್ನು ತೀರಿಸುವುದಿಲ್ಲ. ಅರ್ಧ ಮುಂಗಡ ಇಲ್ಲದೆ ಕತ್ತರಿ ಹಾಕಬೇಡಿ, ಓರಗಿತ್ತಿಯ ಬಟ್ಟೆಯಾದರೂ ಸರಿಯೇ.

ಅಗ್ಗದ ಸಾಲ ಬೇಕಾದರೆ ದಾರಿಗಳಿವೆ. 2020ರ ಜುಲೈ 1ರಂದು ಶುರುವಾದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಪ್ಯಾನ್ ಇಲ್ಲದವರಿಗೆ ಉದ್ಯಮ್ ಅಸಿಸ್ಟ್ ಇದೆ. ದುಡ್ಡು ಕೇಳುವ ವೆಬ್‌ಸೈಟು ಕಂಡರೆ ಅದು ಸರ್ಕಾರದ್ದಲ್ಲ. ಮುದ್ರಾದ ಶಿಶು ವರ್ಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲ. ಆಹಾರ ತಯಾರಿಸುವವರಿಗೆ ಪಿಎಂಎಫ್‌ಎಂಇ ಯೋಜನೆ ಇತ್ತು: ಯೋಜನೆಯ ಶೇ 35 ಸಹಾಯಧನದ ಮೇಲೆ ಕರ್ನಾಟಕ ಶೇ 15 ಸೇರಿಸಿ ಅರ್ಧದಷ್ಟು, ಗರಿಷ್ಠ 15 ಲಕ್ಷ. ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದವರೆಗೆ ಮೂಲಬಂಡವಾಳ. ಯೋಜನೆಯ ಅವಧಿಯನ್ನು 2025-26ರವರೆಗೆ ವಿಸ್ತರಿಸಿದ್ದರು. ಮುಂದೇನು ಎಂದು ಕೃಷಿ ಇಲಾಖೆಯಲ್ಲಿ, ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್‌ನ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ಬಳಿ ವಿಚಾರಿಸಿ. ಅವರು ಅರ್ಜಿ ತುಂಬಿಕೊಡಲು ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹೊಲಿಗೆ, ಪಾರ್ಲರ್ ಕಲಿಯುವವರಿಗೆ ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಇದೆ.

ಒಬ್ಬೊಬ್ಬರೇ ಇಷ್ಟೆಲ್ಲ ಮಾಡುವುದು ಕಷ್ಟ ಎನ್ನುತ್ತೀರಿ. ನಿಜ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ ಮಾಳಿಗೆಯ ಮೇಲೆ ಹಪ್ಪಳ ಒತ್ತಲು ಕೂತರು. ಅದೇ ಲಿಜ್ಜತ್. ಅವರು ಕಂಡುಕೊಂಡ ಪದ್ಧತಿ ಸರಳ: ಹಿಟ್ಟು ಕಲಸುವುದು, ತೂಗುವುದು, ಪೊಟ್ಟಣ ಕಟ್ಟುವುದು ಒಂದು ಕಡೆ, ಒತ್ತಿ ಒಣಗಿಸುವುದು ಅವರವರ ಮನೆಯಲ್ಲಿ. ಲೈಸೆನ್ಸು, ಮೀಟರು, ಗ್ಯಾಸು, ಸೀಲ್ ಹಾಕಿದ ತಕ್ಕಡಿ ಆ ಒಂದು ಕಡೆಗೆ ಇದ್ದರೆ ಸಾಕು. ನಿಮ್ಮ ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟ ಇದೆ, ಬೀಗ ಹಾಕಿದ ಹಳೆಯ ಶಾಲೆಯ ಕೋಣೆಯೋ ಸಮುದಾಯ ಭವನವೋ ಒಂದು ಇದ್ದೇ ಇರುತ್ತದೆ. ಮುಂದಿನ ಗ್ರಾಮಸಭೆಗೆ ಹತ್ತು ಜನ ಸಹಿ ಮಾಡಿದ ಅರ್ಜಿ ಕೊಡಿ: ನಮ್ಮ ಒಕ್ಕೂಟಕ್ಕೆ ಒಂದು ಕೋಣೆ, ಒಂದು ನಲ್ಲಿ, ಒಂದು ಪ್ರತ್ಯೇಕ ಮೀಟರು ಕೊಡಿ ಎಂದು. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಸದೆ ಸಭೆಯಿಂದ ಎದ್ದು ಬರಬೇಡಿ.

ಇತಿ ನಿಮ್ಮ,
ಲೆಕ್ಕ ಬರೆಯುವ ಒಬ್ಬ ಅಕ್ಕ